ಹಿತ್ತಾಳೆಯ ಹೊಲಿಗೆ

ಅಪ್ಪನ ಜಮೀನನ್ನೆಲ್ಲ ತಾನೇ ಇಟ್ಟುಕೊಂಡು ನನ್ನ ಪಾಲಿಗೆ ಕೆಟ್ಟು ನಿಂತ ಒಂದು ಟ್ರ್ಯಾಕ್ಟರ್ ಕಳಿಸಿದ ದಿನ, ನನ್ನ ತಮ್ಮ ರಿಫಾತ್‌ನಿಗೆ ನಾನು ಸೊಪ್ಪು ತುಂಬಿದ ಪದರ ರೊಟ್ಟಿ, ಬೋರೆಕ್, ಮಾಡಿ ಬಡಿಸಿದೆ. ಈಗ ನೆನೆದರೆ ಅದಕ್ಕೆ ಹಾಕಿದ ಬೆಣ್ಣೆಗಾಗಿಯೂ ನನ್ನ ಹೊಟ್ಟೆ ಉರಿಯುತ್ತದೆ.

ನಮ್ಮ ಸೊಕೆ ಬಯಲಿನಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವುದಿಲ್ಲ. ಕಾನೂನು ಕೊಡುತ್ತದೆ, ಊರು ಕೊಡುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ತಮ್ಮ ಬಂದು "ಒಂದು ರುಜು ಹಾಕಕ್ಕ" ಅನ್ನುತ್ತಾನೆ. ತವರಿನ ಬಾಗಿಲು ತೆರೆದಿರಲಿ ಅಂತ ಅಕ್ಕ ಹೋಗಿ ಹಾಕುತ್ತಾಳೆ. ನಾನೂ ಹಾಕಿದೆ. ಮೆಂದೆರೆಸ್ ನದಿಯ ನೀರು ಹಾಯುವ ಹತ್ತಿ ಹೊಲ, ಅದರ ಬದುವಿನ ಅಂಜೂರದ ಮರಗಳು, ಎಲ್ಲ ರಿಫಾತ್‌ನದಾಯಿತು. ನೋಂದಣಿ ಕಚೇರಿಯ ಮೆಟ್ಟಿಲಿಳಿಯುವಾಗ ಅವನಿಗೆ ಉದಾರತೆ ಉಕ್ಕಿ ಬಂತು.

"ಏನು ಬೇಕು ಕೇಳಕ್ಕ. ಕಾರ್ಪೆಟ್ಟಾ? ಅಮ್ಮನ ಪೆಟ್ಟಿಗೆಯಾ?"

"ಅಪ್ಪನ ಟ್ರ್ಯಾಕ್ಟರ್ ಕೊಡು."

"ಅದ್ಯಾಕೆ ನಿನಗೆ? ಉಳೋಕೆ ಹೊಲ ಎಲ್ಲಿದೆ?"

"ಇಲ್ಲ, ನೀನು ಈಗ ತಾನೇ ಬರೆಸ್ಕೊಂಡ್ಯಲ್ಲ. ಆದ್ರೂ ಅದು ಬೇಕು."

ಅವನು ನಕ್ಕ. ನಾನೂ ನಕ್ಕೆ. ಆ ಕಾಲದಲ್ಲಿ ನನಗೆ ಅವನ ನಗು ಇಷ್ಟವಾಗುತ್ತಿತ್ತು.

ಆ ಟ್ರ್ಯಾಕ್ಟರ್ ನನಗೆ ಯಾಕೆ ಬೇಕಿತ್ತು ಅನ್ನುವುದು ರಿಫಾತ್‌ನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನ ಬಲಗಾಲು ಹತ್ತಿ ಮಿಲ್ಲಿನಲ್ಲಿ ಜಜ್ಜಿಹೋದ ವರ್ಷ ಅವನಿನ್ನೂ ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಕೂಸು. ನನಗೆ ಹದಿಮೂರು. ಬೇರೆ ದಾರಿ ಇರಲಿಲ್ಲ. ಅಪ್ಪ ನನ್ನನ್ನು ಎತ್ತಿ ಆ ಬೂದು ಬಣ್ಣದ ಫರ್ಗುಸನ್ ಟ್ರ್ಯಾಕ್ಟರಿನ ಮೇಲೆ ಕೂರಿಸಿದರು. ಅದನ್ನು ಶುರು ಮಾಡಲು ಗುಂಡಿ ಒತ್ತಬೇಕಿಲ್ಲ. ಗೇರಿನ ಕೋಲನ್ನೇ ಎಸ್ ಅಕ್ಷರದ ಕಡೆ ತಳ್ಳಬೇಕು. ಮೊದಲು ಪೆಟ್ರೋಲಿನಲ್ಲಿ ಎದ್ದೇಳುತ್ತದೆ, ಬಿಸಿಯಾದ ಮೇಲೆ ನಲ್ಲಿ ತಿರುಗಿಸಿದರೆ ಸೀಮೆಎಣ್ಣೆಗೆ ಇಳಿಯುತ್ತದೆ. ಹಾಗೆ ಇಳಿಯುವಾಗ ಒಂದು ಸಣ್ಣ ಕೆಮ್ಮು, ಆಮೇಲೆ ಮೆತ್ತಗಿನ ಒಂದೇ ಸಮನೆ ಸದ್ದು. ಮದುವೆಯಾಗಿ ಬರುವ ತನಕ ನಮ್ಮ ಹೊಲವನ್ನು ಉತ್ತವಳು ನಾನು.

ಕಾಫಿ ಅಂಗಡಿಯ ಮುಂದೆ ಹಾದುಹೋಗುವಾಗ ಗಂಡಸರು ಸುಮ್ಮನಿರುತ್ತಿರಲಿಲ್ಲ. "ಏನ್ ಸಬ್ರಿ, ನಿನ್ನ ಮಗಳಿಗೆ ಮೀಸೆ ಯಾವಾಗ ಬರುತ್ತೆ?" ಎಂದು ಅಪ್ಪನನ್ನು ಕೆಣಕುತ್ತಿದ್ದರು.

"ಬಂದ್ರೆ ನಿಮಗೆ ಕಳಿಸ್ತೀನಿ ಬಿಡ್ರಪ್ಪ, ನಿಮಗೇ ಬೇಕಾಗಿರೋ ಹಾಗಿದೆ," ಅನ್ನುತ್ತಿದ್ದರು ಅಪ್ಪ.

ಎರಡನೇ ವರ್ಷ ನಾನದನ್ನು ಕಾಲುವೆಗೆ ಇಳಿಸಿದೆ. ಮಳೆ ಬಿದ್ದು ಬದು ಕುಸಿದಿತ್ತು, ಹಿಂದಿನ ಗಾಲಿ ಜಾರಿ, ಗಾಡಿ ಸೇತುವೆಯ ಕಲ್ಲಿಗೆ ಹಿಂಭಾಗ ಬಡಿದುಕೊಂಡು ನಿಂತಿತು. ಹಿಂದಿನ ಗೇರುಗಳೆಲ್ಲ ಕೂತಿರುವ ಎರಕದ ಪೆಟ್ಟಿಗೆ ಬಿರುಕು ಬಿಟ್ಟು ಎಣ್ಣೆ ಸೋರತೊಡಗಿತು. ಅಪ್ಪ ಕುಂಟುತ್ತ ಬಂದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿಲ್ಲ. ಕಮ್ಮಾರನನ್ನು ಕರೆಸಿ, ಬಿರುಕಿನುದ್ದಕ್ಕೂ ಹಿತ್ತಾಳೆ ಕರಗಿಸಿ ಬೆಸುಗೆ ಹಾಕಿಸಿದರು. ಬೂದು ಕಬ್ಬಿಣದ ಮೇಲೆ ಗೇಣುದ್ದದ ಹಳದಿ ಗೆರೆ. ಅಪ್ಪ ಅದರ ಮೇಲೆ ಹೆಬ್ಬೆರಳು ಆಡಿಸಿ ಹೇಳಿದರು:

"ಇನ್ನು ಈ ಗಾಡಿ ಯಾವ ದೇಶದಲ್ಲಿ ಕಳೆದುಹೋದ್ರೂ ಗುರುತು ಸಿಗುತ್ತೆ. ಇದು ನೆಫಿಸೆ ಹಾಕಿದ ಹೊಲಿಗೆ."

ನೆಫಿಸೆ ಅಂದರೆ ನಾನು. ನನ್ನ ಹೆಸರನ್ನು ಅಷ್ಟು ಚೆಂದವಾಗಿ ಮತ್ತೆ ಯಾರೂ ಹೇಳಲಿಲ್ಲ.

ರುಜು ಹಾಕಿ ಕೆಲವು ತಿಂಗಳಾದ ಮೇಲೆ ಟ್ರ್ಯಾಕ್ಟರ್ ಲಾರಿಯ ಮೇಲೆ ಬಂತು. ಕೆಂಪು ಬಣ್ಣ ಹೊಡೆಸಿದ್ದರು. ಮುಂದಿನ ಮುಚ್ಚಳ ಇರಲಿಲ್ಲ. ಎಂಜಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು.

"ಅಪ್ಪ ಕೊನೆಗಾಲದಲ್ಲಿ ಸೀಮೆಎಣ್ಣೆ ಎಂಜಿನ್ ತೆಗೆಸಿ ಡೀಸೆಲ್ಲಿಂದು ಹಾಕ್ಸಿದ್ರಕ್ಕ, ಅದೂ ಕೈ ಕೊಡ್ತು," ಎಂದ ರಿಫಾತ್. "ನಿನಗೇ ಅಂತ ಬಣ್ಣ ಹೊಡೆಸಿದೀನಿ ನೋಡು."

ನಾನು ಅಂಗಳದಲ್ಲೇ ಅತ್ತುಬಿಟ್ಟೆ. ಸ್ಟೀರಿಂಗಿಗೆ ಮುತ್ತಿಟ್ಟೆ. ಆಮೇಲೆ ಬೋರೆಕ್ ಮಾಡಿದೆ.

ಮೂವತ್ತು ವರ್ಷಕ್ಕೂ ಮೇಲೆ ಅದು ನಮ್ಮ ಅಂಗಳದ ತಗಡಿನ ಮಾಡಿನ ಕೆಳಗೆ ನಿಂತಿತ್ತು. ನನ್ನ ಗಂಡ ತೆವ್ಫಿಕ್ ಅದನ್ನು ಮಾವ ಅಂತಲೇ ಕರೆಯುತ್ತಿದ್ದರು. "ಮಾವನ ಧೂಳು ಒರೆಸಿದ್ಯಾ? ಹಾಗಾದ್ರೆ ಅಳಿಯನಿಗೂ ಒಂದು ಲೋಟ ಟೀ ಕೊಡು," ಅನ್ನುತ್ತಿದ್ದರು. ಮೊಮ್ಮಕ್ಕಳು ಬಂದರೆ ಅದರ ಮೇಲೆ ಹತ್ತಿಸಿ ಕತೆ ಹೇಳುತ್ತಿದ್ದೆ. ಎಡಗಡೆಯ ಮಡ್‌ಗಾರ್ಡಿನ ಒಳಮಗ್ಗುಲಿಗೆ ಒಂದು ಸಣ್ಣ ಕಬ್ಬಿಣದ ಹಿಡಿಕೆ ಬೆಸೆದಿತ್ತು, ಮಕ್ಕಳ ಕೈಗೆ ಸರಿಯಾಗುವಷ್ಟು ತಗ್ಗಿನಲ್ಲಿ. "ಇದನ್ನ ನಮ್ಮಪ್ಪ ನನಗೋಸ್ಕರ ಹಾಕ್ಸಿದ್ದು, ಬೀಳಬಾರದು ಅಂತ," ಎಂದು ತೋರಿಸುತ್ತಿದ್ದೆ. ಹಿತ್ತಾಳೆಯ ಹೊಲಿಗೆ ಎಲ್ಲಿ ಅಂತ ಅವರು ಕೇಳಿದರೆ "ಬಣ್ಣದ ಕೆಳಗಿದೆ ಕಣ್ರೋ" ಅನ್ನುತ್ತಿದ್ದೆ. ಕೆರೆದು ನೋಡಲಿಲ್ಲ. ನಂಬಿದ್ದನ್ನು ಯಾರು ಕೆರೆದು ನೋಡುತ್ತಾರೆ.

ತೆವ್ಫಿಕ್ ಹೋದ ಮೇಲೆ ಮನೆಯಲ್ಲಿ ಸದ್ದೇ ಇಲ್ಲದಂತಾಯಿತು. ಆಗ ನನಗೆ ಒಂದೇ ಹುಚ್ಚು ಹಿಡಿಯಿತು. ಸಾಯುವುದರೊಳಗೆ ಅಪ್ಪನ ಗಾಡಿಯ ಸದ್ದನ್ನು ಇನ್ನೊಮ್ಮೆ ಕೇಳಬೇಕು. ಹಳೆಯ ಸೀಮೆಎಣ್ಣೆ ಎಂಜಿನ್ ಎಲ್ಲಾದರೂ ಹುಡುಕಿಸಿ, ಬೂದು ಬಣ್ಣ ಹೊಡೆಸಿ, ಎಸ್ ಕಡೆಗೆ ಕೋಲು ತಳ್ಳಬೇಕು. ಮಗಳು ಫೋನಿನಲ್ಲಿ "ಈ ವಯಸ್ಸಿಗೆ ಟ್ರ್ಯಾಕ್ಟರ್ ಯಾಕಮ್ಮ" ಅಂದಳು. ಈ ವಯಸ್ಸಿಗೆ ಮೊಣಕಾಲು ನೋವು ಮಾತ್ರ ಬರಬೇಕು, ಆಸೆ ಬರಬಾರದು ಅಂತ ಅವಳ ಲೆಕ್ಕ.

ಸೊಕೆಯ ಗ್ಯಾರೇಜು ಸಾಲಿನಿಂದ ಮೇಸ್ತ್ರಿ ಬೆಕಿರ್ ಉಸ್ತಾನನ್ನು ಕರೆಸಿದೆ. ಹಳೆಯ ಟ್ರ್ಯಾಕ್ಟರುಗಳನ್ನು ಎಬ್ಬಿಸುವುದರಲ್ಲಿ ಹೆಸರು ಮಾಡಿದವನು, ಬಾಯಿ ಮಾತ್ರ ಬಲು ಕೆಟ್ಟದ್ದು. ಬಂದವನೇ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಇದಕ್ಕೆ ಬಣ್ಣ ಹೊಡೆದೋನು ಪೊರಕೆಯಲ್ಲಿ ಹೊಡೆದಿದಾನೆ," ಎಂದ.

"ನನ್ನ ತಮ್ಮ ಹೊಡೆಸಿದ್ದು."

"ತಮ್ಮ ಕ್ಷೇಮವಾಗಿದಾನಾ? ಇರ್ಲಿ ಬಿಡಿ." ಸ್ಟೀರಿಂಗಿನ ಮುಂದಿನ ತಗಡನ್ನು ಒರೆಸಿದ. ನಂಬರಿನ ಫಲಕ ಇರಬೇಕಾದ ಕಡೆ ಎರಡು ತೂತು ಮಾತ್ರ ಇದ್ದವು. "ಫಲಕ ಕಿತ್ತಿದಾರೆ. ಹುಟ್ಟಿದ ವರ್ಷ ಹೇಳೋಕೆ ಮೈಯೆಲ್ಲ ಕೆರೀಬೇಕು."

"ಹುಟ್ಟಿದ್ದು ನನಗೆ ಗೊತ್ತಿದೆ ಉಸ್ತಾ. ನಾನು ಹುಟ್ಟಿದ ಮಾರನೇ ವರ್ಷ ನಮ್ಮಪ್ಪ ಹೊಸದಾಗಿ ತಂದಿದ್ದು."

"ನೀವು ಹೇಳ್ತೀರಿ. ಗಾಡಿನೂ ಹೇಳ್ಲಿ."

ಅವನು ಕೆರೆಯಲು ಶುರು ಮಾಡಿದ, ನಾನು ಟೀ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಕೆಂಪು ಹೋಯಿತು. ಅದರ ಕೆಳಗೆ ಹಸಿರು ಬಂತು.

"ನಿಮ್ಮಪ್ಪ ಹಸಿರು ಹೊಡೆಸಿದ್ರಾ?"

"ಇಲ್ಲ. ಬೂದು ಇತ್ತು, ಕೊನೇವರೆಗೂ ಬೂದೇ."

"ಹಸಿರು ಹಳೇದು. ಕೆಂಪಿಗಿಂತ ಎಷ್ಟೋ ವರ್ಷ ಹಿಂದಿಂದು."

"ರಿಫಾತ್ ಹೊಡೆಸಿರ್ತಾನೆ, ಆಮೇಲೆ ಕೆಂಪು ಹೊಡೆಸಿರ್ತಾನೆ," ಎಂದೆ. ಮಾತು ಬಾಯಿಂದ ಬರುವಾಗಲೇ ನನಗೆ ಅದು ಸರಿಕಾಣಲಿಲ್ಲ. ರಿಫಾತ್ ಎರಡು ಸಲ ಬಣ್ಣಕ್ಕೆ ಖರ್ಚು ಮಾಡುವವನಲ್ಲ.

ಹಸಿರಿನ ಕೆಳಗೆ ಬೂದು ಸಿಕ್ಕಿತು, ನನಗೆ ಉಸಿರು ಬಂತು. ಆದರೆ ಬೆಕಿರ್ ಆಗಲೇ ಎಂಜಿನ್ನಿನ ಕೆಳಗೆ ತಲೆ ತೂರಿಸಿದ್ದ. ಇದು ಆಮೇಲೆ ಹಾಕಿದ ಎಂಜಿನ್ ಅನ್ನಿಸುತ್ತಿಲ್ಲ ಎಂದ. ಡೀಸೆಲ್ಲಿಗೆ ಬೇಕಾದ ಕೊಳವೆ, ತೊಟ್ಟಿ ಎಲ್ಲ ಗಾಡಿಯ ಜೊತೆಗೇ ಹುಟ್ಟಿದಂತಿವೆ, ಸೀಮೆಎಣ್ಣೆಯ ನಲ್ಲಿ ಇದ್ದ ಗುರುತೇ ಇಲ್ಲ ಎಂದ. ನಾನು ಸಿಟ್ಟಾದೆ.

"ಎಂಜಿನ್ ಬದಲಾಯಿಸಿದಾಗ ಎಲ್ಲಾನೂ ಬದಲಾಯಿಸಿರ್ತಾರೆ. ನೀನೇನು ಪೊಲೀಸಾ, ಮೆಕ್ಯಾನಿಕ್ಕಾ?"

"ಸರಿ, ಬದಲಾಯಿಸಿದ್ರು ಅಂತಾನೇ ಇಟ್ಕೊಳೋಣ," ಅಂದ ಅವನು, ನನ್ನ ಸಿಟ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. "ಬದಲಾಯಿಸೋಕೆ ಆಗ್ದೇ ಇರೋದು ಯಾವುದು ಹೇಳಿ."

"ಹೊಲಿಗೆ," ಎಂದೆ.

ಕಾಲುವೆಯ ಕತೆ ಹೇಳಿದೆ. ಅವನ ಮುಖ ಮೊದಲ ಸಲ ಗಂಭೀರವಾಯಿತು. ಈ ಗಾಡಿಗೆ ಬೇರೆ ಚೌಕಟ್ಟು ಇರುವುದಿಲ್ಲ, ಆ ಪೆಟ್ಟಿಗೆಯೇ ಬೆನ್ನೆಲುಬು, ಅದನ್ನು ಬಿಸಾಡಿದರೆ ಗಾಡಿಯನ್ನೇ ಬಿಸಾಡಿದಂತೆ ಎಂದ. ಎರಕದ ಕಬ್ಬಿಣಕ್ಕೆ ಹಾಕಿದ ಹಿತ್ತಾಳೆ ಎಲ್ಲಿಗೂ ಹೋಗುವುದಿಲ್ಲ ಎಂದ. ನಾನು ತಂತಿಯ ಬ್ರಷ್ಷನ್ನು ಅವನ ಕೈಯಿಂದ ಇಸಿದುಕೊಂಡೆ. ಜಾಗ ನನಗೆ ಗೊತ್ತಿತ್ತು. ಮಣ್ಣು, ಗ್ರೀಸು, ಕೆಂಪು, ಹಸಿರು, ಬೂದು. ಕಬ್ಬಿಣ ಬಂತು. ಅಕ್ಕಪಕ್ಕ ಉಜ್ಜಿದೆ. ಇನ್ನೊಂದು ಮಗ್ಗುಲೂ ಉಜ್ಜಿದೆ, ಎಡಬಲ ಮರೆತಿರಬಹುದು ಅಂತ. ಕೊನೆಗೆ ಆ ಪೆಟ್ಟಿಗೆ ಪೂರ್ತಿ ಬೆತ್ತಲೆಯಾಗಿ ನಿಂತಿತು.

ಎಲ್ಲೂ ಒಂದು ಗೀರಿಲ್ಲ.

ಹಳೆಯ ಗಾಡಿ ಎಬ್ಬಿಸುವವರು ಇಂಥ ಪೆಟ್ಟಿಗೆ ಕಂಡರೆ ಕುಣಿದಾಡುತ್ತಾರೆ. ಬೆಕಿರ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ಚೊಕ್ಕವಾಗಿದೆ ಅಕ್ಕ," ಎಂದ, ಸಾವಿನ ಮನೆಯಲ್ಲಿ ಮಾತಾಡುವಂತೆ. "ಇದು ನಿಮ್ಮಪ್ಪನ ಗಾಡಿ ಅಲ್ಲ."

ನಾನು ನೆಲದ ಮೇಲೆ ಕೂತೆ. ಎದುರಿಗೆ ಆ ಸಣ್ಣ ಹಿಡಿಕೆ ಕಾಣುತ್ತಿತ್ತು. ಬೆಕಿರ್ ಅದರ ಬುಡವನ್ನೂ ಕೆರೆದಿದ್ದ. ಹಸಿರು ಬಣ್ಣ ಹಿಡಿಕೆಯ ಮೇಲೂ ಹತ್ತಿತ್ತು, ಅಂದರೆ ಹಸಿರಿಗೂ ಮೊದಲೇ ಯಾರೋ ಅದನ್ನು ಬೆಸೆದಿದ್ದರು. ಆದರೆ ಅಪ್ಪ ಅದನ್ನು ಬೆಸೆಸಿದ್ದು ನನಗೆ ನೆನಪಿತ್ತು. ಕಿಡಿ ಹಾರಿದ್ದು, ಅಪ್ಪ ನನ್ನ ಕಣ್ಣಿಗೆ ಅಂಗೈ ಅಡ್ಡ ಹಿಡಿದದ್ದು, "ಹಿಡ್ಕೊಂಡು ನೋಡು" ಅಂದದ್ದು, ಎಲ್ಲ. ಅದು ನಡೆದೇ ಇರಲಿಲ್ಲ. ಇನ್ಯಾರೋ ಅಪ್ಪ ಇನ್ಯಾವುದೋ ಮಗುವಿಗೆ ಮಾಡಿಸಿದ್ದನ್ನು ಮೂವತ್ತು ವರ್ಷ ದಿಟ್ಟಿಸಿ ದಿಟ್ಟಿಸಿ ನನ್ನಪ್ಪನಿಗೆ ಅಂಟಿಸಿಕೊಂಡಿದ್ದೆ. ರಿಫಾತ್ ಗಾಡಿ ಕದ್ದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ಉಳಿದ ನೆನಪುಗಳಲ್ಲಿ ಯಾವುದು ನನ್ನದು, ಯಾವುದು ಈ ಕಬ್ಬಿಣದ್ದು ಅಂತ ಇನ್ನು ಯಾರನ್ನು ಕೇಳಲಿ?

"ಮುಂದುವರಿಸ್ಲಾ, ಬಿಡ್ಲಾ?" ಎಂದು ಬೆಕಿರ್ ಕೇಳಿದ.

"ಮುಂದುವರಿಸು. ಇರೋ ಎಂಜಿನ್ನನ್ನೇ ಎಬ್ಬಿಸು," ಎಂದೆ. ಯಾಕೆ ಹಾಗಂದೆನೋ ಆಗ ಗೊತ್ತಿರಲಿಲ್ಲ. ತಾಯಿಯಿಲ್ಲದ ಮಗುವನ್ನು ಅಂಗಳದಿಂದ ಅಟ್ಟಲಾಗದಂತೆ ಇರಬೇಕು.

ರಿಫಾತ್‌ಗೆ ನಾನು ಫೋನು ಮಾಡಲಿಲ್ಲ. ಮಾಡಬೇಕಾಗಿಯೂ ಬರಲಿಲ್ಲ. ಆ ವರ್ಷ ಹಜ್‌ಗೆ ಹೋಗುವವರನ್ನು ಆರಿಸಲು ಎತ್ತಿದ ಚೀಟಿಯಲ್ಲಿ ಅವನ ಹೆಸರು ಬಂದಿತ್ತು. ನಮ್ಮಲ್ಲಿ ಹಜ್‌ಗೆ ಹೊರಡುವವರು ಮೊದಲು ಮನೆಮನೆ ತಿರುಗುತ್ತಾರೆ, ತಮ್ಮ ಮೇಲೆ ಯಾರ ಹಕ್ಕು ಉಳಿದಿದೆಯೋ ಅವರ ಬಾಯಿಂದ "ಹಲಾಲ್ ಆಗಲಿ", ಅಂದರೆ ಆ ಹಕ್ಕು ಬಿಟ್ಟುಕೊಟ್ಟೆ, ಅನ್ನಿಸಿಕೊಳ್ಳುತ್ತಾರೆ. ಹಾಗೆ ಅನ್ನಿಸಿಕೊಳ್ಳದ ಹಕ್ಕು ಕೊರಳಿಗೆ ಸುತ್ತಿಕೊಂಡೇ ಕಾಬಾದವರೆಗೂ ಬರುತ್ತದೆ. ದೇವರು ತನಗೆ ಮಾಡಿದ ತಪ್ಪನ್ನು ಮನ್ನಿಸುತ್ತಾನೆ, ನೆರೆಯವನಿಗೆ ಮಾಡಿದ್ದನ್ನು ನೆರೆಯವನೇ ಮನ್ನಿಸಬೇಕು. ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ. ಕೇಳಿದ ಕೂಡಲೇ, ಸೀನಿದವರಿಗೆ ಹಾರೈಸುವಂತೆ, ಹಲಾಲ್ ಆಗಲಿ ಅಂದುಬಿಡುತ್ತಾರೆ.

ರಿಫಾತ್ ಹೆಂಡತಿ ನಾಜ್ಮಿಯೆಯನ್ನು ಕರೆದುಕೊಂಡು, ಲೋಕುಮ್ ಮಿಠಾಯಿಯ ಡಬ್ಬಿ ಹಿಡಿದು ಬಂದ. ಗಡ್ಡ ಬಿಟ್ಟಿದ್ದ. ಚೆನ್ನಾಗಿಯೇ ಒಪ್ಪುತ್ತಿತ್ತು, ಮುಖದ ಅರ್ಧ ಮುಚ್ಚಿದರೆ ಅವನು ಯಾವತ್ತೂ ಚೆನ್ನಾಗಿ ಕಾಣುತ್ತಾನೆ. ಬಣ್ಣವಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ನೋಡಿ ಕಣ್ಣರಳಿಸಿದ.

"ಅರೆ, ಅಪ್ಪನ ಗಾಡಿ ರಿಪೇರಿ ಮಾಡಿಸ್ತಿದ್ದೀಯಾ? ಹೇಳಲೇ ಇಲ್ವಲ್ಲಕ್ಕ. ನನಗೊಂದು ಆಸೆ ಇದೆ. ಹೊರಡೋ ದಿನ ಇದರ ಮೇಲೆ ಕೂತು ಊರಿಂದ ಆಚೆ ಬರ್ತೀನಿ. ಬಾವುಟ ಕಟ್ಟೋಣ. ಸಬ್ರಿ ಮಗ ಸಬ್ರಿ ಟ್ರ್ಯಾಕ್ಟರ್ ಮೇಲೆ ಹಜ್‌ಗೆ ಹೊರಟ ಅಂತ ಜನ ನೋಡ್ಲಿ."

ನಾನು ಅವನ ಮುಖವನ್ನೇ ನೋಡಿದೆ. ಅದರಲ್ಲಿ ಕಳ್ಳತನ ಇರಲಿಲ್ಲ. ಅವನಿಗೂ ಮರೆತುಹೋಗಿತ್ತು. ತಾನು ಹೇಳಿದ ಸುಳ್ಳನ್ನು ತಾನೇ ನಂಬಿ ಅದರ ಮೇಲೆ ಸವಾರಿ ಹೊರಡಲು ಬಂದಿದ್ದ.

"ಬಾ ಇಲ್ಲಿ," ಎಂದೆ. "ಹಿಂದಿನ ಪೆಟ್ಟಿಗೆ ಮೇಲೆ ಕೈ ಇಡು. ಹೊಲಿಗೆ ಎಲ್ಲಿದೆ ತೋರಿಸು."

ಅವನು ಕೈ ಇಟ್ಟ. ಕೈ ನಿಂತಿತು. ಆಗ ನೆನಪಾಯಿತು ಅವನಿಗೆ, ನನಗೆ ಕಂಡಿತು. ಗಡ್ಡದ ಮೇಲಿನ ಅರ್ಧ ಮುಖ ಕೆಂಪಾಯಿತು. ನಾಜ್ಮಿಯೆ "ಏನಾಯ್ತು, ಏನಾಯ್ತು" ಅಂದಳು.

"ಅದು ಓಡ್ತಿತ್ತಕ್ಕ," ಎಂದ ಕೊನೆಗೆ. "ಓಡೋ ಗಾಡಿನ ನಿನ್ನ ಅಂಗಳದಲ್ಲಿ ಕೋಳಿ ಕೂರೋಕೆ ಕೊಡೋದಾ? ನಾನು ಹೊಸ ಟ್ರ್ಯಾಕ್ಟರ್ ತಗೊಂಡೆ, ಅಂಗಡಿಯೋನು ಹಳೇದನ್ನ ಹಿಡ್ಕೊಂಡು ದುಡ್ಡು ಕಮ್ಮಿ ಮಾಡ್ದ. ಅವನ ಹಿತ್ತಿಲಲ್ಲಿ ಇದು ಬಿದ್ದಿತ್ತು. ಇದೂ ಫರ್ಗುಸನ್ನೇ."

"ಅಪ್ಪಂದು ಎಲ್ಲಿಗೆ ಹೋಯ್ತು?"

"ದೆನಿಜ್ಲಿ ಕಡೆಯೋರು ಯಾರೋ ತಗೊಂಡ್ರು ಅಂದ. ಇಷ್ಟೊತ್ತಿಗೆ ಕರಗಿಸಿರ್ತಾರೆ."

"ನಾನು ಕೇಳಿದ್ದು ಅದೊಂದೇ ಕಣೋ."

"ನಿನಗೆ ಸಂತೋಷ ಆಯ್ತಲ್ಲ. ಇಷ್ಟು ವರ್ಷ ಸಂತೋಷವಾಗೇ ಇದ್ಯಲ್ಲ. ಅದರಲ್ಲಿ ನಿಂದೇನು ಹೋಯ್ತು?"

ಹಿಡಿಕೆಯ ಕತೆ ಹೇಳಿದ್ದರೆ ನಗುತ್ತಿದ್ದ. ನಾನು ಲೋಕುಮ್ ಡಬ್ಬಿಯನ್ನು ನಾಜ್ಮಿಯೆಯ ಕೈಗೆ ವಾಪಸು ಕೊಟ್ಟೆ.

"ಜಮೀನು ಹಲಾಲ್," ಎಂದೆ. "ಅದಕ್ಕೆ ನಾನೇ ರುಜು ಹಾಕಿದೀನಿ. ಕೊಟ್ಟಿದ್ದನ್ನ ತಿರುಗಿ ಕೇಳೋಳಲ್ಲ ನಾನು."

"ಮತ್ತೆ ಇದು?"

"ಇದನ್ನ ಹಲಾಲ್ ಅನ್ನೋಕೆ ನನ್ನ ನಾಲಗೆ ತಿರುಗ್ತಿಲ್ಲ."

"ಒಂದು ತಗಡಿಗೋಸ್ಕರ ನನ್ನ ಹಜ್ ಕೆಡಿಸ್ತೀಯಾ?"

"ತಗಡಾಗಿದ್ರೆ ನೀನು ಅವತ್ತೇ ಕೊಡ್ತಿದ್ದೆ," ಎಂದು ಹೇಳಿ ಒಳಗೆ ಹೋದೆ. ಅವರು ಹೋಗುವ ತನಕ ಹೊರಗೆ ಬರಲಿಲ್ಲ.

ಹೊರಡುವ ದಿನ ಅವನ ಅಂಗಳದಲ್ಲಿ ಊರಿಗೆಲ್ಲ ಕೆಶ್ಕೆಕ್ ಊಟ. ಗೋಧಿ, ಮಾಂಸ ಕುಟ್ಟಿ ಬೇಯಿಸಿದ ಹಂಡೆಗಳು ಸಾಲಾಗಿದ್ದವು. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ ಅಂತ ಹೋದೆ, ಹೆಂಗಸರ ನಡುವೆ ಕೂತೆ. ಊಟವಾದ ಮೇಲೆ ಇಮಾಮರು ಎದ್ದು, ರಿಫಾತ್ ಮೇಲೆ ನಿಮ್ಮ ಹಕ್ಕೇನಾದರೂ ಇದ್ದರೆ ಹಲಾಲ್ ಮಾಡುತ್ತೀರಾ ಎಂದು ಎಲ್ಲರನ್ನೂ ಮೂರು ಸಲ ಕೇಳಿದರು. ಅಂಗಳವೆಲ್ಲ ಒಂದೇ ಕೊರಳಿನಲ್ಲಿ ಮೂರು ಸಲ ಹಲಾಲ್ ಆಗಲಿ ಅಂದಿತು. ರಿಫಾತ್ ನನ್ನ ತುಟಿಯನ್ನೇ ನೋಡುತ್ತಿದ್ದ. ನನ್ನ ತುಟಿ ಅಲುಗಲಿಲ್ಲ. ಅಷ್ಟು ಜನರ ನಡುವೆ ಒಂದು ದನಿ ಕಮ್ಮಿಯಾದದ್ದು ಗೊತ್ತಾದವರು ನಾವಿಬ್ಬರೇ.

ಬಸ್ಸು ಹತ್ತುವ ಮೊದಲು ಅವನು ಎಲ್ಲರೆದುರಿಗೆ ಬಗ್ಗಿ ನನ್ನ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡ. ಅವನ ಹಣೆ ಬೆವೆತಿತ್ತು.

"ಹೇಳಕ್ಕ," ಎಂದ ಮೆಲ್ಲಗೆ.

"ಹೋಗಿ ಬಾ," ಎಂದೆ, ಎಲ್ಲರಿಗೂ ಕೇಳುವಂತೆ. ಹೆಂಗಸರು ಕಣ್ಣೊರೆಸಿಕೊಂಡರು. ಅಕ್ಕ ಅಂದರೆ ಹೀಗಿರಬೇಕು ಎಂದು ಯಾರೋ ಅಂದರು.

ಅವನು ಅಲ್ಲಿ ತಲುಪಿದ ಮೇಲೆ ಒಂದು ದಿನ ಬೆಕಿರ್ ಕೆಲಸ ಮುಗಿಸಿದ. ಬೂದು ಬಣ್ಣ ಹೊಡೆದಿದ್ದ, ಹಿಡಿಕೆಯನ್ನು ಹಾಗೇ ಉಳಿಸಿದ್ದ. "ಶುರು ಮಾಡೋದು ನೀವೇ," ಎಂದು ದೂರ ನಿಂತ. ನಾನು ಹತ್ತಿ ಕೂತೆ. ಮೊಣಕಾಲು ನೋಯಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅಕ್ಕ, ನಾನು," ಎಂದ ರಿಫಾತ್. ಹಿಂದೆ ಸಾವಿರಾರು ಜನರ ಗುಜುಗುಜು. ಅವನು ಅಳುತ್ತಿದ್ದ, ನಿಜವಾಗಿಯೇ ಅಳುತ್ತಿದ್ದ. "ಕಾಬಾ ಎದುರಿಗೇ ನಿಂತಿದೀನಿ. ದುವಾ ಕೇಳೋಕೆ ಕೈ ಎತ್ತಿದ್ರೆ ಬಾಯಿ ಬರ್ತಿಲ್ಲಕ್ಕ. ಒಂದೇ ಒಂದು ಮಾತು. ಹಲಾಲ್ ಅನ್ನು ಸಾಕು."

ನನಗೆ ಅವನು ಮೂಗು ಸುರಿಸುತ್ತ ಗಾಡಿಯ ಹಿಂದೆ ಓಡಿಬರುತ್ತಿದ್ದುದು ನೆನಪಾಯಿತು. ಅದು ನಿಜವಾಗಿ ನಡೆದದ್ದು, ಅಷ್ಟು ಖಾತ್ರಿಯಿದೆ. ಮಾತು ಗಂಟಲಿನವರೆಗೆ ಬಂತು ಕೂಡ. ಆಗ ನನ್ನ ಎಡಗೈ ಆ ಹಿಡಿಕೆಯ ಮೇಲೆ ಇರುವುದು ಕಂಡಿತು.

ಫೋನನ್ನು ಕಿವಿ, ಭುಜದ ನಡುವೆ ಸಿಕ್ಕಿಸಿ ಬಲಗೈಯಿಂದ ಕೋಲನ್ನು ಎಸ್ ಕಡೆಗೆ ತಳ್ಳಿದೆ. ಎಂಜಿನ್ ಎರಡು ಸಲ ಮುಲುಕಿ, ಹೊಗೆ ಕಾರಿ ಎದ್ದಿತು. ಅಂಗಳದ ತಗಡುಗಳು ನಡುಗಿದವು.

"ಅಕ್ಕ?"

"ಏನೂ ಕೇಳಿಸ್ತಿಲ್ಲ ರಿಫಾತ್," ಎಂದು ಕೂಗಿದೆ. "ಅಪ್ಪನ ಟ್ರ್ಯಾಕ್ಟರ್ ಸದ್ದು."

ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದೆ. ಆ ಕಡೆಯಿಂದ ಅವನು ಫೋನು ಇಟ್ಟುಬಿಟ್ಟ.

ಬೆಕಿರ್ ನಗುತ್ತ ಹೆಬ್ಬೆರಳು ಎತ್ತಿ ತೋರಿಸಿದ. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು, ಗಡಗಡ ಅನ್ನುವ ಡೀಸೆಲ್ ಸದ್ದು. ನಾನು ಕಣ್ಣು ಮುಚ್ಚಿ ಆ ಇನ್ನೊಂದು ಸದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಸಣ್ಣ ಕೆಮ್ಮು, ಆಮೇಲೆ ಮೆತ್ತಗಿನ ಸದ್ದು ಅಂತ ಮಾತಿನಲ್ಲಿ ಹೇಳಬಲ್ಲೆ. ಕಿವಿಗೆ ಮಾತ್ರ ಅದು ಬರಲಿಲ್ಲ.